ತಲೆಗೊಂದೋ, ಯಂತ್ರಕ್ಕೊಂದೋ, ಕೋರಿಗೊಂದೋ: ಸರ್ವರ್ ಮತ್ತು ಕ್ಲೈಂಟ್ ಸಾಧನಗಳ ಪರವಾನಗಿ ಲೆಕ್ಕ ಹಾಕುವ ಬಗೆ

ಸಂಸ್ಥೆಯೊಂದರ ಸರ್ವರ್ ಕೋಣೆಯ ಹೊಣೆ ಹೊತ್ತವರನ್ನು "ನೀವು ಬಳಸುವ ತಂತ್ರಾಂಶಕ್ಕೆಲ್ಲ ಲೈಸೆನ್ಸ್ ಇದೆಯೇ" ಎಂದು ಕೇಳಿದರೆ ಬಹುತೇಕ ಎಲ್ಲರೂ "ಇದೆ" ಎನ್ನುತ್ತಾರೆ. "ಎಷ್ಟಿವೆ, ಯಾವುದನ್ನು ಎಣಿಸಿ ಕೊಂಡದ್ದು" ಎಂದು ಮುಂದಿನ ಪ್ರಶ್ನೆ ಹಾಕಿದರೆ ಉತ್ತರ ತಡವರಿಸುತ್ತದೆ. ತಂತ್ರಾಂಶದ ಕಂಪನಿಗಳು ಒಂದೊಂದು ಉತ್ಪನ್ನವನ್ನು ಒಂದೊಂದು ಮಾನದಿಂದ ಅಳೆಯುತ್ತವೆ. ಅದೂ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಒಂದು ಕಾಲಕ್ಕೆ ಪ್ರೊಸೆಸರ್ ಎಣಿಸಿ ಮಾರುತ್ತಿದ್ದ ವಿಂಡೋಸ್ ಸರ್ವರ್ 2016ರ ಆವೃತ್ತಿಯಿಂದ ಕೋರ್, ಅಂದರೆ ಪ್ರೊಸೆಸರ್ ಒಳಗಿನ ಒಂದೊಂದು ಗಣನಾ ಘಟಕದ, ಎಣಿಕೆಗೆ ಬಂತು. ಹಳೆಯ ಮಾನವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊಸ ಯಂತ್ರ ತರಿಸಿದವರ ಲೆಕ್ಕ ಖರೀದಿಯ ದಿನವೇ ತಪ್ಪಿರುತ್ತದೆ.

ಆದ್ದರಿಂದ ಬೆಲೆ, ಆವೃತ್ತಿ, ರಿಯಾಯಿತಿ ಇವೆಲ್ಲಕ್ಕಿಂತ ಮೊದಲು ಪ್ರತಿಯೊಂದು ಪರವಾನಗಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಏನನ್ನು ಎಣಿಸುತ್ತದೆ? ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ. ಉದಾಹರಣೆಗಳಿಗೆ ಹೆಚ್ಚಾಗಿ ಮೈಕ್ರೋಸಾಫ್ಟ್‌ನ ಉತ್ಪನ್ನಗಳನ್ನು ತೆಗೆದುಕೊಂಡಿದ್ದೇನೆ, ಏಕೆಂದರೆ ಸರ್ವರ್, ಕ್ಲೈಂಟ್ (ಸಿಬ್ಬಂದಿ ಬಳಸುವ ಕಂಪ್ಯೂಟರ್), ಇವನ್ನು ನೋಡಿಕೊಳ್ಳುವ ನಿರ್ವಹಣಾ ತಂತ್ರಾಂಶ ಈ ಮೂರೂ ಬೇರೆ ಬೇರೆ ಮಾನಗಳಲ್ಲಿ ಒಂದೇ ಕಡೆ ಸೇರುವುದು ಅಲ್ಲಿಯೇ.

ಮೊದಲ ಹೆಜ್ಜೆ: ಇರುವುದನ್ನು ಬರೆದಿಡುವುದು

ಒಂದು ಹಾಳೆಯಲ್ಲಿ ಭೌತಿಕ ಸರ್ವರ್‌ಗಳನ್ನು ಒಂದೊಂದು ಸಾಲಾಗಿ ಬರೆಯಿರಿ. ಪ್ರತಿ ಸಾಲಿನಲ್ಲಿ ಪ್ರೊಸೆಸರ್‌ಗಳ ಸಂಖ್ಯೆ, ಪ್ರತಿ ಪ್ರೊಸೆಸರ್‌ನ ಕೋರ್‌ಗಳ ಸಂಖ್ಯೆ, ಅದರ ಮೇಲೆ ಓಡುವ ವರ್ಚುವಲ್ ಮಷೀನ್‌ಗಳು (ಒಂದೇ ಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಿದ ಪ್ರತ್ಯೇಕ ಕಂಪ್ಯೂಟರ್‌ಗಳು), ಅವುಗಳಲ್ಲಿ ವಿಂಡೋಸ್ ಎಷ್ಟು ಮತ್ತು ಲಿನಕ್ಸ್ ಎಷ್ಟು ಎಂಬುದಿರಲಿ. ಇಲ್ಲಿ ಒಂದು ಎಚ್ಚರ ಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಕೋರ್‌ಗಳು ಮತ್ತು ಲಾಜಿಕಲ್ ಪ್ರೊಸೆಸರ್‌ಗಳು ಎಂಬ ಎರಡು ಅಂಕಿಗಳು ಕಾಣುತ್ತವೆ. ಭೌತಿಕ ಯಂತ್ರಕ್ಕೆ ಪರವಾನಗಿ ಹಾಕುವಾಗ ಲೆಕ್ಕಕ್ಕೆ ಬರುವುದು ಮೊದಲನೆಯದು ಮಾತ್ರ. ಹೈಪರ್‌ಥ್ರೆಡಿಂಗ್‌ನಿಂದ ದ್ವಿಗುಣವಾಗಿ ತೋರುವ ಎರಡನೆಯ ಅಂಕಿಯನ್ನು ಹಿಡಿದು ಎರಡರಷ್ಟು ಕೊಂಡವರಿದ್ದಾರೆ.

ಇನ್ನೊಂದು ಹಾಳೆಯಲ್ಲಿ ಕ್ಲೈಂಟ್ ಸಾಧನಗಳಿರಲಿ: ಯಾವ ವಿಂಡೋಸ್, ಯಂತ್ರದ ಜೊತೆಯಲ್ಲೇ ಬಂದದ್ದೋ ಬೇರೆಯಾಗಿ ಕೊಂಡದ್ದೋ, ಒಬ್ಬರೇ ಬಳಸುತ್ತಾರೋ ಪಾಳಿಯಲ್ಲಿ ಹಲವರು ಬಳಸುತ್ತಾರೋ. ಈ ಕೊನೆಯ ಕಾಲಮ್ಮನ್ನು ಜನ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆದರೆ ಮುಂದೆ ಹೆಚ್ಚು ಹಣ ಉಳಿಸುವುದು ಅದೇ.

ಎರಡನೆಯ ಹೆಜ್ಜೆ: ಸರ್ವರ್‌ನ ಕೋರ್ ಲೆಕ್ಕ

ವಿಂಡೋಸ್ ಸರ್ವರ್‌ನ ಭೌತಿಕ ಯಂತ್ರದ ಲೆಕ್ಕಕ್ಕೆ ಎರಡು ಕನಿಷ್ಠ ಮಿತಿಗಳಿವೆ. ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 8 ಕೋರ್ ಪರವಾನಗಿ, ಪ್ರತಿ ಸರ್ವರ್‌ಗೆ ಕನಿಷ್ಠ 16. ಒಂದೇ ಪ್ರೊಸೆಸರ್, ಅದರಲ್ಲಿ 8 ಕೋರ್ ಇರುವ ಪುಟ್ಟ ಯಂತ್ರಕ್ಕೂ 16 ಕೊಳ್ಳಲೇಬೇಕು. ಇದರಿಂದಾಗಿ ಅಂತಹ ಯಂತ್ರಕ್ಕೂ 16 ಕೋರ್‌ನ ಯಂತ್ರಕ್ಕೂ ಪರವಾನಗಿಯ ವೆಚ್ಚ ಒಂದೇ ಆಗುತ್ತದೆ; ಯಂತ್ರವನ್ನು ಆರಿಸುವ ಹಂತದಲ್ಲೇ ಇದು ಗೊತ್ತಿದ್ದರೆ ಒಳ್ಳೆಯದು.

ಎಲ್ಲ ಕೋರ್‌ಗಳಿಗೂ ಒಂದು ಸುತ್ತು ಪರವಾನಗಿ ಹಾಕಿದರೆ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ 2 ವಿಂಡೋಸ್ ವರ್ಚುವಲ್ ಮಷೀನ್‌ಗಳನ್ನು ಓಡಿಸುವ ಹಕ್ಕು ಸಿಗುತ್ತದೆ. ಆ ಎರಡನ್ನೂ ಬಳಸಿಕೊಂಡರೆ ಕೆಳಗಿನ ಭೌತಿಕ ವಿಂಡೋಸ್ ಅನ್ನು ಆ ಮಷೀನ್‌ಗಳನ್ನು ನಡೆಸಲು ಮತ್ತು ನಿರ್ವಹಿಸಲು ಮಾತ್ರ ಬಳಸಬೇಕು. ಅದರ ಮೇಲೆ ಫೈಲ್ ಹಂಚಿಕೆಯನ್ನೋ ಬೇರೆ ಕೆಲಸವನ್ನೋ ಹೇರುವಂತಿಲ್ಲ. ಇನ್ನೂ ಎರಡು ಮಷೀನ್ ಬೇಕೆಂದರೆ ಎಲ್ಲ ಕೋರ್‌ಗಳಿಗೂ ಮತ್ತೊಂದು ಸುತ್ತು ಪರವಾನಗಿ ಹಾಕಬೇಕು. ಡೇಟಾಸೆಂಟರ್ ಆವೃತ್ತಿಯಲ್ಲಿ ಒಂದೇ ಸುತ್ತು ಸಾಕು, ಮಷೀನ್‌ಗಳ ಸಂಖ್ಯೆಗೆ ಮಿತಿಯಿಲ್ಲ.

ಒಂದು ಯಂತ್ರವನ್ನು ಹತ್ತಿರದಿಂದ ನೋಡೋಣ. ಎರಡು ಪ್ರೊಸೆಸರ್, ತಲಾ 12 ಕೋರ್, ಒಟ್ಟು 24. ಅದರ ಮೇಲೆ 6 ವಿಂಡೋಸ್ ಸರ್ವರ್ ಮಷೀನ್‌ಗಳು ಮತ್ತು 4 ಲಿನಕ್ಸ್ ಮಷೀನ್‌ಗಳು ಓಡುತ್ತಿವೆ. ವಿಂಡೋಸ್ ಪರವಾನಗಿಗೆ ಲಿನಕ್ಸ್ ಮಷೀನ್‌ಗಳು ಲೆಕ್ಕಕ್ಕಿಲ್ಲ. ಆರನ್ನು ಎರಡರಿಂದ ಭಾಗಿಸಿದರೆ ಮೂರು ಸುತ್ತು. ಮೂರು ಸುತ್ತಿಗೆ 24ರಂತೆ 72 ಸ್ಟ್ಯಾಂಡರ್ಡ್ ಕೋರ್ ಪರವಾನಗಿಗಳು. ಡೇಟಾಸೆಂಟರ್ ಆದರೆ 24 ಮಾತ್ರ, ಆದರೆ ಒಂದೊಂದರ ಬೆಲೆ ಹಲವು ಪಟ್ಟು ಹೆಚ್ಚು. ನಿಮಗೆ ಬಂದ ದರಪಟ್ಟಿಯಲ್ಲಿ ಡೇಟಾಸೆಂಟರ್ ದರವನ್ನು ಸ್ಟ್ಯಾಂಡರ್ಡ್ ದರದಿಂದ ಭಾಗಿಸಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿದರೆ ಎಷ್ಟು ಮಷೀನ್‌ಗಳಾದ ಮೇಲೆ ಡೇಟಾಸೆಂಟರ್ ಅಗ್ಗವೆಂಬುದು ತಿಳಿಯುತ್ತದೆ. ಈ ಲೆಕ್ಕವನ್ನು ಮಾರಾಟಗಾರರಿಗೆ ಬಿಡದೆ ನೀವೇ ಕೈಯಾರೆ ಮಾಡಿ ನೋಡುವುದು ಮೇಲು.

ಒಂದು ನಿಂತರೆ ಇನ್ನೊಂದು ಕೆಲಸ ಹೊರುವಂತೆ ಜೋಡಿಸಿದ ಸರ್ವರ್‌ಗಳ ಕ್ಲಸ್ಟರ್ ಇದ್ದಾಗ ತಪ್ಪು ಆಗುವುದು ಇನ್ನೊಂದು ಜಾಗದಲ್ಲಿ. ತಲಾ 16 ಕೋರ್‌ನ ಎರಡು ಸರ್ವರ್‌ಗಳು, ಒಂದೊಂದರಲ್ಲಿ ನಾಲ್ಕು ವಿಂಡೋಸ್ ಮಷೀನ್‌ಗಳು ಇವೆಯೆನ್ನಿ. ಸಾಮಾನ್ಯ ದಿನದ ಚಿತ್ರ ನೋಡಿ ತಲಾ ಎರಡು ಸುತ್ತು, ಅಂದರೆ 32ರಂತೆ ಒಟ್ಟು 64 ಸಾಕು ಎನಿಸುತ್ತದೆ. ಆದರೆ ಒಂದು ಸರ್ವರ್ ನಿಂತ ದಿನ ಎಂಟೂ ಮಷೀನ್‌ಗಳು ಇನ್ನೊಂದರ ಮೇಲೆ ಬಂದು ಕೂರುತ್ತವೆ, ಪರವಾನಗಿ ಮಾತ್ರ ಅವುಗಳ ಹಿಂದೆ ಓಡಿಬರುವುದಿಲ್ಲ. ಒಂದು ಭೌತಿಕ ಸರ್ವರ್‌ಗೆ ಹಚ್ಚಿದ ಪರವಾನಗಿಯನ್ನು, ಯಂತ್ರ ಶಾಶ್ವತವಾಗಿ ಕೆಟ್ಟ ಸಂದರ್ಭ ಬಿಟ್ಟರೆ, ಸಾಮಾನ್ಯವಾಗಿ 90 ದಿನಗಳೊಳಗೆ ಇನ್ನೊಂದಕ್ಕೆ ಬದಲಿಸುವಂತಿಲ್ಲ. ಹಾಗಾಗಿ ಪ್ರತಿ ಸರ್ವರ್‌ಗೂ ಅದು ಹೊರಬಹುದಾದ ಗರಿಷ್ಠ ಮಷೀನ್‌ಗಳ ಲೆಕ್ಕ ಹಾಕಬೇಕು: ಎಂಟು ಮಷೀನ್‌ಗೆ ನಾಲ್ಕು ಸುತ್ತು, ತಲಾ 64, ಒಟ್ಟು 128. ಡೇಟಾಸೆಂಟರ್‌ನಲ್ಲಿ ಇದೇ ಕೆಲಸಕ್ಕೆ 32 ಸಾಕು. ಓಡುತ್ತಿರುವ ಮಷೀನನ್ನು ನಿಲ್ಲಿಸದೆ ಇನ್ನೊಂದು ಸರ್ವರ್‌ಗೆ ಸಾಗಿಸುವ ಲೈವ್ ಮೈಗ್ರೇಷನ್ ಚಾಲೂ ಮಾಡುವ ಮೊದಲು ಈ ನಾಲ್ಕು ಸಾಲಿನ ಲೆಕ್ಕವನ್ನು ಬರೆದಿಡಿ.

ಮೂರನೆಯ ಹೆಜ್ಜೆ: ಸರ್ವರ್ ಮುಟ್ಟುವವರ ಲೆಕ್ಕ

ಸರ್ವರ್‌ಗೆ ಪರವಾನಗಿ ಕೊಂಡ ಮಾತ್ರಕ್ಕೆ ಅದನ್ನು ಬಳಸುವ ಹಕ್ಕು ಎಲ್ಲರಿಗೂ ಬರುವುದಿಲ್ಲ. ಬಳಸುವವರಿಗೆ ಕ್ಲೈಂಟ್ ಆಕ್ಸೆಸ್ ಲೈಸೆನ್ಸ್, ಅಂದರೆ ವೃತ್ತಿಯವರ ಬಾಯಲ್ಲಿ ಕ್ಯಾಲ್, ಬೇರೆಯಾಗಿ ಬೇಕು. ಅದು ಬಳಕೆದಾರರ ಹೆಸರಿನಲ್ಲಾದರೂ ಇರಬಹುದು, ಸಾಧನದ ಹೆಸರಿನಲ್ಲಾದರೂ ಇರಬಹುದು. ಬಳಕೆದಾರರ ಕ್ಯಾಲ್ ಇದ್ದವರು ಎಷ್ಟು ಸಾಧನದಿಂದ ಬಂದರೂ ಸರಿ. ಸಾಧನದ ಕ್ಯಾಲ್ ಇದ್ದರೆ ಅದರ ಮುಂದೆ ಎಷ್ಟು ಜನ ಕುಳಿತರೂ ಸರಿ.

ಮೂರು ಪಾಳಿಯಲ್ಲಿ 90 ಜನ ಕೆಲಸ ಮಾಡುವ ಘಟಕದಲ್ಲಿ 30 ಕಂಪ್ಯೂಟರ್‌ಗಳಿವೆ ಎಂದುಕೊಳ್ಳಿ. ಅದರ ಜೊತೆಗೆ ಹೊರಗೆ ಓಡಾಡುವ 40 ಸಿಬ್ಬಂದಿ, ಪ್ರತಿಯೊಬ್ಬರಿಗೂ ಒಂದು ಲ್ಯಾಪ್‌ಟಾಪ್ ಮತ್ತು ಒಂದು ಫೋನ್. ಎಲ್ಲರಿಗೂ ಬಳಕೆದಾರರ ಕ್ಯಾಲ್ ಕೊಂಡರೆ 130 ಬೇಕು. ಎಲ್ಲಕ್ಕೂ ಸಾಧನದ ಕ್ಯಾಲ್ ಕೊಂಡರೆ 110. ಘಟಕದ 30 ಕಂಪ್ಯೂಟರ್‌ಗಳಿಗೆ ಸಾಧನದ್ದು, ಹೊರಗಿನ 40 ಜನರಿಗೆ ಬಳಕೆದಾರರದ್ದು ಎಂದು ಬೆರೆಸಿದರೆ 70ಕ್ಕೆ ಮುಗಿಯುತ್ತದೆ. ಬೆರೆಸುವುದಕ್ಕೆ ನಿಯಮದ ಅಡ್ಡಿಯಿಲ್ಲ, ಆದರೆ ಯಾವುದು ಯಾರಿಗೆ ಎಂಬುದು ದಾಖಲೆಯಲ್ಲಿ ಇರಬೇಕು, ಏಕೆಂದರೆ ಫೈಲ್ ಸರ್ವರ್ ಆಗಲಿ ಡೊಮೇನ್ ಸರ್ವರ್ ಆಗಲಿ ಈ ಕ್ಯಾಲ್‌ಗಳನ್ನು ತಾನಾಗಿ ಎಣಿಸಿ ಹೇಳುವುದಿಲ್ಲ.

ಕ್ಯಾಲ್‌ನ ಆವೃತ್ತಿ ಸರ್ವರ್‌ನ ಆವೃತ್ತಿಗೆ ಸಮನಾಗಿರಬೇಕು ಇಲ್ಲವೇ ಹೊಸದಾಗಿರಬೇಕು. 2022ರ ಕ್ಯಾಲ್ 2019ರ ಸರ್ವರ್‌ಗೆ ನಡೆಯುತ್ತದೆ, 2025ರ ಸರ್ವರ್‌ಗೆ ನಡೆಯುವುದಿಲ್ಲ. ಹತ್ತು ಸರ್ವರ್‌ಗಳ ಪೈಕಿ ಒಂದನ್ನು ಮಾತ್ರ ಹೊಸ ಆವೃತ್ತಿಗೆ ಏರಿಸಿದರೂ ಅದನ್ನು ಮುಟ್ಟುವ ಪ್ರತಿಯೊಬ್ಬರಿಗೂ ಹೊಸ ಕ್ಯಾಲ್ ಬೇಕಾಗುತ್ತದೆ. ಅಪ್‌ಗ್ರೇಡ್ ಯೋಜನೆಗಳಲ್ಲಿ ಈ ಸಾಲು ಇಲ್ಲದಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ರಿಮೋಟ್ ಡೆಸ್ಕ್‌ಟಾಪ್ ಸೇವೆಗೆ (ದೂರದಿಂದಲೇ ಸರ್ವರ್‌ನ ಪರದೆಯಲ್ಲಿ ಕೆಲಸ ಮಾಡುವ ವ್ಯವಸ್ಥೆ, ಚಿಕ್ಕದಾಗಿ ಆರ್‌ಡಿಎಸ್) ಸಾಮಾನ್ಯ ಕ್ಯಾಲ್‌ನ ಮೇಲೆ ಆರ್‌ಡಿಎಸ್ ಕ್ಯಾಲ್ ಹೆಚ್ಚುವರಿಯಾಗಿ ಬೇಕು. ಸೇವೆಯನ್ನು ಸ್ಥಾಪಿಸಿದ ಮೇಲೆ ಅದಿಲ್ಲದೆಯೂ ನಡೆಯುವ 120 ದಿನಗಳ ಅವಧಿ ಇರುವುದರಿಂದ ಎಲ್ಲವೂ ಸರಿಯಾಗಿದೆ ಎಂಬ ಭಾವನೆ ಬರುತ್ತದೆ. ಆ ಗಡುವು ಮುಗಿದ ಬೆಳಿಗ್ಗೆ ಸಾಮಾನ್ಯ ಬಳಕೆದಾರರಿಗೆ ಸಂಪರ್ಕ ಸಿಗುವುದಿಲ್ಲ. ಆಡಳಿತದ ಕೆಲಸಕ್ಕೆಂದು ಏಕಕಾಲಕ್ಕೆ ಇಬ್ಬರು ಸರ್ವರ್‌ಗೆ ಸಂಪರ್ಕಿಸಲು ಮಾತ್ರ ಕ್ಯಾಲ್ ಬೇಕಿಲ್ಲ. ಆ ಎರಡು ಸಂಪರ್ಕಗಳ ಮೂಲಕ ದಿನನಿತ್ಯದ ಲೆಕ್ಕಪತ್ರದ ಕೆಲಸ ನಡೆಸುವುದು ಆಡಳಿತದ ಕೆಲಸ ಎನಿಸಿಕೊಳ್ಳುವುದಿಲ್ಲ.

ಮಧ್ಯೆ ಒಂದು ವೆಬ್ ಅಪ್ಲಿಕೇಶನ್ ಇಟ್ಟು, ಅದು ಒಂದೇ ಖಾತೆಯಿಂದ ಡೇಟಾಬೇಸ್‌ಗೆ ಸಂಪರ್ಕಿಸುವಂತೆ ಮಾಡಿದರೆ ಒಂದೇ ಕ್ಯಾಲ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಅದನ್ನು ಮಲ್ಟಿಪ್ಲೆಕ್ಸಿಂಗ್ ಎನ್ನುತ್ತಾರೆ. ಅಪ್ಲಿಕೇಶನ್‌ನ ಹಿಂದೆ 200 ಜನರಿದ್ದರೆ ಲೆಕ್ಕ 200ರದ್ದೇ.

ನಾಲ್ಕನೆಯ ಹೆಜ್ಜೆ: ನಿರ್ವಹಣಾ ತಂತ್ರಾಂಶದ ಪರವಾನಗಿ

ಗೊಂದಲ ಹೆಚ್ಚಿರುವುದು ಇಲ್ಲಿ. ಹಲವು ಸರ್ವರ್ ಮತ್ತು ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ, ಮೈಕ್ರೋಸಾಫ್ಟ್‌ನ ಸಿಸ್ಟಮ್ ಸೆಂಟರ್‌ನಂತಹ ತಂತ್ರಾಂಶ ಕೊಂಡಾಗ ಪರವಾನಗಿ ಬೇಕಾದದ್ದು ಅದನ್ನು ಓಡಿಸುವ ಸರ್ವರ್‌ಗೆ ಎಂದು ಎಲ್ಲರೂ ಸಹಜವಾಗಿ ಭಾವಿಸುತ್ತಾರೆ. ವಾಸ್ತವದಲ್ಲಿ ನಿರ್ವಹಣಾ ತಂತ್ರಾಂಶವನ್ನು ಓಡಿಸುವ ಹಕ್ಕಿಗೆ ಬೇರೆ ಪರವಾನಗಿ ಇಲ್ಲ. ಪರವಾನಗಿ ಬೇಕಾಗುವುದು ಅದರ ಕೈಕೆಳಗೆ ಬರುವ ಪ್ರತಿಯೊಂದಕ್ಕೂ. ಇದನ್ನು ಮ್ಯಾನೇಜ್‌ಮೆಂಟ್ ಲೈಸೆನ್ಸ್ ಎನ್ನುತ್ತಾರೆ. ಹಟ್ಟಿಗೆ ಸುಂಕವಿಲ್ಲ, ಅದರೊಳಗಿನ ದನಗಳಿಗೆ ಇದೆ ಎಂದರೆ ನೆನಪಿನಲ್ಲಿ ಉಳಿದೀತು.

ಒಪ್ಪಂದದ ಭಾಷೆಯಲ್ಲಿ ಎಣಿಕೆಯ ಘಟಕದ ಹೆಸರು ಓಎಸ್‌ಇ, ಅಂದರೆ ಭೌತಿಕವಾಗಿಯೋ ವರ್ಚುವಲ್ ಆಗಿಯೋ ಇರುವ ಒಂದು ಆಪರೇಟಿಂಗ್ ಸಿಸ್ಟಮ್ ಪರಿಸರ. ಅದರೊಳಗೆ ಇರುವುದು ಸರ್ವರ್ ಆಪರೇಟಿಂಗ್ ಸಿಸ್ಟಮ್ ಆದರೆ ಸರ್ವರ್ ಮ್ಯಾನೇಜ್‌ಮೆಂಟ್ ಲೈಸೆನ್ಸ್. ಡೆಸ್ಕ್‌ಟಾಪ್ ಆದರೆ ಕ್ಲೈಂಟ್ ಮ್ಯಾನೇಜ್‌ಮೆಂಟ್ ಲೈಸೆನ್ಸ್. ಸರ್ವರ್‌ನದ್ದನ್ನು ವಿಂಡೋಸ್ ಸರ್ವರ್‌ನಂತೆಯೇ ಕೋರ್ ಮೇಲೆ ಎಣಿಸುತ್ತಾರೆ, ಕನಿಷ್ಠ ಮಿತಿಗಳೂ ಅವೇ, ಸ್ಟ್ಯಾಂಡರ್ಡ್‌ನ ಒಂದು ಸುತ್ತಿಗೆ ನಿರ್ವಹಿಸಲಾಗುವ 2 ಓಎಸ್‌ಇ, ಡೇಟಾಸೆಂಟರ್‌ಗೆ ಮಿತಿಯಿಲ್ಲ.

ಲೆಕ್ಕ ಒಂದೇ ತರಹ ಕಂಡರೂ ಉತ್ತರ ಒಂದೇ ಬರುವುದಿಲ್ಲ. ಮೇಲೆ ನೋಡಿದ 24 ಕೋರ್‌ನ ಯಂತ್ರಕ್ಕೆ ಮರಳೋಣ. ಅದರ 4 ಲಿನಕ್ಸ್ ಮಷೀನ್‌ಗಳನ್ನೂ ಸಿಸ್ಟಮ್ ಸೆಂಟರ್‌ನಿಂದ ನಿರ್ವಹಿಸುತ್ತಿದ್ದರೆ ಇಲ್ಲಿ ಅವೂ ಲೆಕ್ಕಕ್ಕೆ ಬರುತ್ತವೆ. ವಿಂಡೋಸ್ ಪರವಾನಗಿಗೆ ಆರು ಎಣಿಸಿದ ಜಾಗದಲ್ಲಿ ನಿರ್ವಹಣೆಗೆ ಹತ್ತು ಎಣಿಸಬೇಕು: ಐದು ಸುತ್ತು, 120 ಸ್ಟ್ಯಾಂಡರ್ಡ್ ಕೋರ್ ಪರವಾನಗಿಗಳು, ಇಲ್ಲವೇ 24 ಡೇಟಾಸೆಂಟರ್. ವಿಂಡೋಸ್‌ಗೆ ಸ್ಟ್ಯಾಂಡರ್ಡ್ ಲಾಭದಾಯಕವಾಗಿದ್ದು, ಅದೇ ಯಂತ್ರದ ನಿರ್ವಹಣೆಗೆ ಡೇಟಾಸೆಂಟರ್ ಲಾಭದಾಯಕವಾಗುವುದು ಹೀಗೆ. ಎರಡಕ್ಕೂ ಒಂದೇ ಆವೃತ್ತಿ ಇರಬೇಕೆಂಬ ಕಡ್ಡಾಯವಿಲ್ಲ. ಲಿನಕ್ಸ್‌ಗೆ ಬೇರೆ ಉಪಕರಣ ಬಳಸಿ ಸಿಸ್ಟಮ್ ಸೆಂಟರ್‌ನ ಏಜೆಂಟನ್ನು, ಅಂದರೆ ಅದು ಪ್ರತಿ ಮಷೀನ್‌ನಲ್ಲಿ ಇಡುವ ಪುಟ್ಟ ತಂತ್ರಾಂಶವನ್ನು, ಅವುಗಳಿಂದ ತೆಗೆದುಹಾಕಿದರೆ ಲೆಕ್ಕ ಮತ್ತೆ ಆರಕ್ಕೆ ಇಳಿಯುತ್ತದೆ. ಸ್ವಿಚ್, ರೌಟರ್‌ನಂತಹ ಜಾಲದ ಉಪಕರಣಗಳಿಗೆ ಈ ಪರವಾನಗಿ ಬೇಡ.

ಕ್ಲೈಂಟ್ ಕಡೆಯಲ್ಲಿ ಮತ್ತೆ ಎರಡು ದಾರಿ: ಓಎಸ್‌ಇಗೊಂದು ಅಥವಾ ಬಳಕೆದಾರರಿಗೊಂದು. ಒಬ್ಬ ಡೆವಲಪರ್‌ನ ಲ್ಯಾಪ್‌ಟಾಪ್‌ನಲ್ಲಿ ಮೂಲ ವಿಂಡೋಸ್ ಒಂದು, ಅದರೊಳಗೆ ಪರೀಕ್ಷೆಗೆಂದು ಇನ್ನೊಂದು ವರ್ಚುವಲ್ ವಿಂಡೋಸ್ ಇದ್ದು ಎರಡನ್ನೂ ಮೈಕ್ರೋಸಾಫ್ಟ್‌ನ ಇನ್ನೊಂದು ನಿರ್ವಹಣಾ ತಂತ್ರಾಂಶವಾದ ಕಾನ್ಫಿಗರೇಶನ್ ಮ್ಯಾನೇಜರ್ ನಿರ್ವಹಿಸುತ್ತಿದ್ದರೆ ಸಾಧನ ಒಂದೇ ಆದರೂ ಓಎಸ್‌ಇ ಎರಡು. ಅಂತಹವರು ಹೆಚ್ಚಿರುವಲ್ಲಿ ಬಳಕೆದಾರರ ಎಣಿಕೆ ಒಳಿತು. ಪಾಳಿಯ ಘಟಕದಲ್ಲಿ ಓಎಸ್‌ಇ ಎಣಿಕೆ ಒಳಿತು. ಹೊಸದಾಗಿ ಕೊಳ್ಳುವ ಮೊದಲು ಈಗಾಗಲೇ ಇರುವುದನ್ನು ನೋಡಿ. ಸಾಧನಗಳನ್ನು ಇಂಟರ್‌ನೆಟ್ ಮೂಲಕ ನಿರ್ವಹಿಸುವ ಇಂಟ್ಯೂನ್ ಸೇವೆಯ ಚಂದಾದ ಜೊತೆಗೆ ಕಾನ್ಫಿಗರೇಶನ್ ಮ್ಯಾನೇಜರ್‌ನಿಂದ ಕ್ಲೈಂಟ್‌ಗಳನ್ನು ನಿರ್ವಹಿಸುವ ಹಕ್ಕೂ ಬರುತ್ತದೆ. ಹಲವು ಕ್ಯಾಲ್‌ಗಳನ್ನು ಒಟ್ಟಿಗೆ ಕೊಡುವ ಕೋರ್ ಕ್ಯಾಲ್ ಸೂಟ್‌ನಲ್ಲೂ ಅದು ಸೇರಿದೆ (ಇಲ್ಲಿನ ಕೋರ್ ಪ್ರೊಸೆಸರ್‌ನದ್ದಲ್ಲ). ಗೊತ್ತಿಲ್ಲದೆ ಒಂದೇ ಹಕ್ಕಿಗೆ ಎರಡು ಬಾರಿ ಹಣ ಕೊಡುವುದು ಇಲ್ಲಿ ಬಹಳ ಸುಲಭ.

ಇನ್ನೊಂದು ಸೂಕ್ಷ್ಮವಿದೆ. ಸಿಸ್ಟಮ್ ಸೆಂಟರ್ ತನ್ನ ದತ್ತಾಂಶ ಇಡಲು ಬಳಸುವ ಎಸ್‌ಕ್ಯುಎಲ್ ಸರ್ವರ್ ಸ್ಟ್ಯಾಂಡರ್ಡ್‌ನ ಹಕ್ಕು ಅದರೊಂದಿಗೇ ಬರುತ್ತದೆ, ಆದರೆ ಆ ಉದ್ದೇಶಕ್ಕೆ ಮಾತ್ರ. "ಹೇಗಿದ್ದರೂ ಜಾಗವಿದೆ" ಎಂದು ಹಾಜರಾತಿ ತಂತ್ರಾಂಶದ ಡೇಟಾಬೇಸನ್ನು ಅದರಲ್ಲೇ ಇಟ್ಟರೆ ಆ ಎಸ್‌ಕ್ಯುಎಲ್ ಸರ್ವರ್‌ಗೆ ಪೂರ್ಣ ಪರವಾನಗಿ ಬೇಕಾಗುತ್ತದೆ.

ಐದನೆಯ ಹೆಜ್ಜೆ: ಕ್ಲೈಂಟ್ ಸಾಧನದ ವಿಂಡೋಸ್ ಮತ್ತು ಆಫೀಸ್

ಯಂತ್ರದೊಂದಿಗೆ ಬಂದ ಓಇಎಂ ವಿಂಡೋಸ್ ಆ ಯಂತ್ರದ ಜೊತೆಗೇ ಮುಗಿಯುತ್ತದೆ, ಇನ್ನೊಂದಕ್ಕೆ ವರ್ಗವಾಗುವುದಿಲ್ಲ. ವಾಲ್ಯೂಮ್ ಒಪ್ಪಂದದಲ್ಲಿ, ಅಂದರೆ ಸಂಸ್ಥೆಗಳಿಗೆ ಸಗಟಾಗಿ ಮಾರುವ ಒಪ್ಪಂದದಲ್ಲಿ, ಕೊಳ್ಳುವ ವಿಂಡೋಸ್ ಎಂಟರ್‌ಪ್ರೈಸ್ ಒಂದು ಅಪ್‌ಗ್ರೇಡ್. ಅದರ ಕೆಳಗೆ ಪ್ರೊ ಆವೃತ್ತಿಯಂತಹ ಅರ್ಹ ಪರವಾನಗಿ ಇರಲೇಬೇಕು. ಹೋಮ್ ಆವೃತ್ತಿಯ ಅಗ್ಗದ ಯಂತ್ರಗಳನ್ನು ತಂದು ಮೇಲೆ ಎಂಟರ್‌ಪ್ರೈಸ್ ಹಾಕುವ ಯೋಜನೆ ಆದ್ದರಿಂದ ನಿಲ್ಲುವುದಿಲ್ಲ. ಮೈಕ್ರೋಸಾಫ್ಟ್ 365ರ ಆಫೀಸ್ ಅಪ್ಲಿಕೇಶನ್‌ಗಳು ಒಬ್ಬ ಬಳಕೆದಾರರಿಗೆ 5 ಕಂಪ್ಯೂಟರ್, 5 ಟ್ಯಾಬ್ಲೆಟ್, 5 ಫೋನ್‌ಗಳಲ್ಲಿ ದೊರೆಯುತ್ತವೆ. ಹಲವರು ಬಳಸುವ ಕಂಪ್ಯೂಟರ್‌ನಲ್ಲಿ ಶೇರ್ಡ್ ಕಂಪ್ಯೂಟರ್ ಆಕ್ಟಿವೇಶನ್ ಎಂಬ ವಿಧಾನದಲ್ಲಿ ಸ್ಥಾಪಿಸಿದರೆ ಅದು ಆ ಐದರ ಮಿತಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಆಕ್ಟಿವೇಶನ್ ಆಗಿದ್ದರೆ ಪರವಾನಗಿ ಇದೆ ಎಂದು ತಿಳಿಯಬಾರದು. ಸಂಸ್ಥೆಯೊಳಗೇ ಕುಳಿತು ವಿಂಡೋಸ್‌ಗಳನ್ನು ಆಕ್ಟಿವೇಟ್ ಮಾಡುವ ಕೆಎಂಎಸ್ ಸರ್ವರ್ ಕನಿಷ್ಠ 25 ಕ್ಲೈಂಟ್‌ಗಳು ಅಥವಾ 5 ಸರ್ವರ್‌ಗಳು ಸಂಪರ್ಕಿಸಿದ ಮೇಲೆ ಕೇಳಿದವರಿಗೆಲ್ಲ 180 ದಿನಗಳ ಆಕ್ಟಿವೇಶನ್ ಕೊಡುತ್ತಾ ಹೋಗುತ್ತದೆ. ನೀವು ಕೊಂಡದ್ದು 100, ಕೇಳಿದವರು 300 ಆದರೂ ಅದು ತಡೆಯುವುದಿಲ್ಲ. ಕೀಲಿ ಬಾಗಿಲು ತೆರೆಯುತ್ತದೆ. ಮನೆ ಯಾರದೆಂದು ಹೇಳುವುದು ಕ್ರಯಪತ್ರ.

ಆರನೆಯ ಹೆಜ್ಜೆ: ಉಳಿದ ತಂತ್ರಾಂಶಗಳ ಮಾನ

ಎಸ್‌ಕ್ಯುಎಲ್ ಸರ್ವರ್ ಅನ್ನು ಕೋರ್ ಮೇಲೆ ಕೊಳ್ಳುವಾಗ ಪ್ರತಿ ಪ್ರೊಸೆಸರ್‌ಗೆ ಅಥವಾ ಪ್ರತಿ ವರ್ಚುವಲ್ ಮಷೀನ್‌ಗೆ ಕನಿಷ್ಠ 4. ಎರಡೇ ಕೋರ್ ಕೊಟ್ಟ ಪುಟ್ಟ ಮಷೀನ್‌ಗೂ ನಾಲ್ಕೇ. ಒರಾಕಲ್ ಡೇಟಾಬೇಸ್ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಕೋರ್‌ಗಳನ್ನು ಒಂದು ಗುಣಕದಿಂದ ಗುಣಿಸುತ್ತಾರೆ. ಸಾಮಾನ್ಯ ಇಂಟೆಲ್ ಸರ್ವರ್‌ಗಳಿಗೆ ಅದು 0.5, ಹಾಗಾಗಿ 16 ಕೋರ್‌ಗೆ 8 ಪ್ರೊಸೆಸರ್ ಪರವಾನಗಿ. ಒರಾಕಲ್ ಜಾವಾದ ಚಂದಾ 2023ರ ಜನವರಿಯಿಂದ ಸಂಸ್ಥೆಯ ಒಟ್ಟು ನೌಕರರ ಸಂಖ್ಯೆಯ ಮೇಲೆ ನಿಂತಿದೆ, ಜಾವಾ ಬಳಸುವವರು ಮೂವರೇ ಆಗಿದ್ದರೂ. ಯಾರಾದರೂ ಒರಾಕಲ್‌ನ ಜಾವಾ ಸ್ಥಾಪಿಸುವ ಮೊದಲು ಜಾವಾದ ಮುಕ್ತ ರೂಪವಾದ ಓಪನ್‌ಜೆಡಿಕೆ ಸಾಕಾಗುತ್ತದೆಯೇ ಎಂದು ನೋಡುವ ನಿಯಮವನ್ನು ಕಚೇರಿಯಲ್ಲಿ ಜಾರಿಗೆ ತರುವುದು ನನ್ನ ದೃಷ್ಟಿಯಲ್ಲಿ ಅತ್ಯಗತ್ಯ. ವರ್ಚುವಲ್ ಮಷೀನ್‌ಗಳನ್ನು ಓಡಿಸುವ ತಂತ್ರಾಂಶದ ಕಂಪನಿ ವಿಎಂವೇರ್ ಅನ್ನು ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ಕೊಂಡ ಬಳಿಕ ಶಾಶ್ವತ ಪರವಾನಗಿಗಳ ಮಾರಾಟ ನಿಂತು ಕೋರ್ ಮೇಲಿನ ಚಂದಾ ಬಂತು. ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರ್ ಎಣಿಸುವುದು ಅದರ ರೂಢಿ.

ಮುಕ್ತ ತಂತ್ರಾಂಶಕ್ಕೂ ಪರವಾನಗಿ ಇದೆ, ಅದನ್ನೂ ಪಟ್ಟಿಗೆ ಸೇರಿಸಿ. ಜಿಪಿಎಲ್ ಎಂಬ ಮುಕ್ತ ಪರವಾನಗಿಯ ತಂತ್ರಾಂಶವನ್ನು ಸಂಸ್ಥೆಯೊಳಗೆ ಎಷ್ಟು ಸರ್ವರ್‌ನಲ್ಲಾದರೂ ಓಡಿಸಬಹುದು. ಬದಲಿಸಿಯೋ ಇದ್ದಂತೆಯೋ ಹೊರಗಿನವರಿಗೆ ಹಂಚಿದಾಗ ಮೂಲಸಂಕೇತ ಕೊಡುವ ಹೊಣೆ ಬರುತ್ತದೆ. ರೆಡ್ ಹ್ಯಾಟ್‌ನಂತಹವರ ಚಂದಾ ಬೆಂಬಲಕ್ಕೆ ಮತ್ತು ಅಪ್‌ಡೇಟ್‌ಗಳಿಗೆ ಕೊಡುವ ಹಣ, ಅದನ್ನು ಸಾಮಾನ್ಯವಾಗಿ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಲೆಕ್ಕದಲ್ಲಿ ಎಣಿಸುತ್ತಾರೆ.

ಏಳನೆಯ ಹೆಜ್ಜೆ: ದಾಖಲೆ ಮತ್ತು ತಾಳೆ

ಪ್ರತಿ ಪರವಾನಗಿಗೆ ಉತ್ಪನ್ನ, ಆವೃತ್ತಿ, ಎಣಿಕೆಯ ಘಟಕ, ಸಂಖ್ಯೆ, ಒಪ್ಪಂದದ ಸಂಖ್ಯೆ, ಖರೀದಿಯ ರಶೀದಿ, ಹಚ್ಚಿದ ಸರ್ವರ್ ಅಥವಾ ಬಳಕೆದಾರ, ನವೀಕರಣದ ದಿನಾಂಕ ಇಷ್ಟನ್ನು ಒಂದೇ ಸಾಲಿನಲ್ಲಿ ಇಡಿ. ಇದಕ್ಕೆ ಐಎಸ್‌ಓ/ಐಇಸಿ 19770 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ಚಿಕ್ಕ ಸಂಸ್ಥೆಗೆ ಒಂದು ಸ್ಪ್ರೆಡ್‌ಶೀಟ್ ಸಾಕು, ಅದು ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರದಿದ್ದರೆ. ಪರವಾನಗಿಯ ಕೀಲಿ ಖರೀದಿಗೆ ಪುರಾವೆಯಾಗುವುದಿಲ್ಲ, ರಶೀದಿಯನ್ನು ಕಳೆದುಕೊಳ್ಳಬೇಡಿ.

ಮೂರು ತಿಂಗಳಿಗೊಮ್ಮೆ ಈ ಪಟ್ಟಿಯನ್ನು ನಿಜವಾಗಿ ಓಡುತ್ತಿರುವುದರೊಂದಿಗೆ ತಾಳೆ ನೋಡಬೇಕು. ನಾನು ಹಿಂದೆ ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗುವಾಗ ಪರೀಕ್ಷೆಗೆಂದು ಐದು ವರ್ಚುವಲ್ ಮಷೀನ್ ಮಾಡಿದ್ದೆವು. ಕೆಲಸ ಮುಗಿದು ವರ್ಷವಾದರೂ ಅವು ಓಡುತ್ತಲೇ ಇದ್ದವು, ಯಾರೂ ಒಳಹೊಕ್ಕು ನೋಡಿರಲಿಲ್ಲ. ಲೆಕ್ಕಪರಿಶೋಧನೆಗೆ ಬಂದವರಿಗೆ ಅವು ಪರೀಕ್ಷೆಯವೆಂದು ತೋರಿಸಲು ಒಂದು ಟಿಪ್ಪಣಿಯೂ ಇರಲಿಲ್ಲ. ಐದೂ ಪೂರ್ಣ ಲೆಕ್ಕಕ್ಕೆ ಸೇರಿದವು. ಅಂದಿನಿಂದ ಯಾವ ಪರೀಕ್ಷಾ ಮಷೀನ್ ಮಾಡಿದರೂ ಅದರ ಹೆಸರಿನಲ್ಲೇ ಮುಗಿಯುವ ದಿನಾಂಕವನ್ನು ಸೇರಿಸುವ ಅಭ್ಯಾಸ ಮಾಡಿಕೊಂಡಿದ್ದೇನೆ.

ತಾಳೆಯಲ್ಲಿ ಕೊರತೆ ಕಂಡರೆ ತಕ್ಷಣ ಕೊಳ್ಳಲು ಓಡಬೇಡಿ. ಮೊದಲು ಬೇಡವಾದ ಮಷೀನ್‌ಗಳನ್ನು ನಿಲ್ಲಿಸಿ ತೆಗೆಯಿರಿ. ಆಮೇಲೆ ಎಣಿಕೆಯ ಘಟಕ ಬದಲಿಸಿದರೆ, ಅಂದರೆ ಸಾಧನದಿಂದ ಬಳಕೆದಾರರಿಗೋ ಸ್ಟ್ಯಾಂಡರ್ಡ್‌ನಿಂದ ಡೇಟಾಸೆಂಟರ್‌ಗೋ ಹೋದರೆ, ಕೊರತೆ ಎಷ್ಟು ಕಡಿಮೆಯಾಗುತ್ತದೆಂದು ನೋಡಿ. ಉಳಿದ ಕೊರತೆಯನ್ನು ಮಾತ್ರ ಕೊಳ್ಳಿ. ಕಂಪನಿಯಿಂದ ಪರಿಶೋಧನೆಯ ಪತ್ರ ಬಂದರೆ ಒಪ್ಪಂದದಲ್ಲಿ ಬರೆದಿರುವ ಕಾಲಾವಕಾಶ ಮತ್ತು ವ್ಯಾಪ್ತಿಯನ್ನು ಓದಿ, ಉತ್ತರ ಕೊಡುವ ಹೊಣೆಯನ್ನು ಒಬ್ಬರಿಗೇ ವಹಿಸಿ, ಕಳುಹಿಸಿದ ಪ್ರತಿಯೊಂದು ಕಡತದ ನಕಲನ್ನು ಇಟ್ಟುಕೊಳ್ಳಿ. ಹೊಸ ಸರ್ವರ್‌ನ ಬೇಡಿಕೆ ಪತ್ರಕ್ಕೆ ಸಹಿ ಬೀಳುವ ಮೊದಲು ಅದರ ಕೋರ್ ಸಂಖ್ಯೆಯೂ ಅದರ ಮೇಲೆ ಓಡಲಿರುವ ಮಷೀನ್‌ಗಳ ಗರಿಷ್ಠ ಸಂಖ್ಯೆಯೂ ಈ ಪಟ್ಟಿಯನ್ನು ನೋಡಿಕೊಳ್ಳುವವರ ಕೈಗೆ ಬಂದಿರಬೇಕು.